ಕಚ್ಚಿ ಕುಡಿದ ಚಾ

ನಮ್ಮ ಮೊಮ್ಮಗಳು ಅನ್ವಿ ಮೊನ್ನೆ ಶುಕ್ರವಾರ ಮುಕ್ಕಾಲು ಗಂಟೆ ಕೂತಳು. ಏಳಲೇಬೇಕಾದಾಗ ಎದ್ದಳು, ಅದಕ್ಕಿಂತ ಒಂದು ಸಲವೂ ಹೆಚ್ಚು ಏಳಲಿಲ್ಲ. ಹೊರಗೆ ಎಂತ ಸದ್ದು ಎಂದು ಕತ್ತು ಉದ್ದ ಮಾಡಲಿಲ್ಲ, ಉಗುರು ಕಚ್ಚಲಿಲ್ಲ. ಮೊದಲಿನಿಂದ ಕೊನೆಯವರೆಗೆ ಚಾ ಮಾಡಿ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ, ಬಾಗಿಲು ಎಳೆದುಕೊಂಡು ಒಳಗೆ ಹೋದಳು. ಅವಳ ಜಪಾನಿ ಟೀಚರು ಅವಳಿಗೆ ಕೆಂಪು ರೇಷ್ಮೆಯ ಚೌಕ ವಸ್ತ್ರ ಕೊಟ್ಟರು. ಅದು ಈಗ ನಮ್ಮ ದೇವರ ಫೋಟೋದ ಎದುರು ಉಂಟು.

ಇದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಕೇಳುವವರು ಅನ್ವಿಯನ್ನು ಕಂಡವರಲ್ಲ. ಮೊನ್ನೆಯಿಂದ ನಾನು ಊರಿಗೆ ಹನ್ನೊಂದು ಫೋನು ಮಾಡಿದ್ದೇನೆ. ಕಾರ್ಕಳದಲ್ಲಿರುವ ನನ್ನ ತಂಗಿ ಎರಡನೇ ಸಲ ಫೋನು ಎತ್ತಿ, "ಅಕ್ಕಾ, ಮಗು ಕೂತದ್ದು ಗೊತ್ತಾಯಿತು, ಇನ್ನು ಎದ್ದಾಗ ಹೇಳು" ಎಂದಳು. ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚು. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಹಾಗಾಗಿ ಅನ್ವಿಯ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯಲು ಕೂತಿದ್ದೇನೆ. ನನ್ನದು ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟ ಅಕ್ಷರ. ಒತ್ತಕ್ಷರ ಬಿದ್ದಲ್ಲಿ ನೀವೇ ಎತ್ತಿಕೊಳ್ಳಿ.

ಕೂತಿದ್ದೇನೆ ಎಂದೆನಲ್ಲ, ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಬಂದೆ. ಒಮ್ಮೆ ಕುಕ್ಕರಿಗೆ, ಒಮ್ಮೆ ಸುಮ್ಮನೆ. ಸುಮ್ಮನೆ ಎದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ಅದು ಕಂಡಿತು. ಬಿದಿರಿನ ಕಡೆಗೋಲು. ಗೇಣುದ್ದವೂ ಇಲ್ಲ. ಒಂದೇ ತುಂಡು ಬಿದಿರನ್ನು ಅರ್ಧದವರೆಗೆ ಸೀಳಿ ಸೀಳಿ, ಕೂದಲಿನಷ್ಟು ತೆಳ್ಳಗೆ ಮಾಡಿ, ತುದಿಗಳನ್ನು ಒಳಗೆ ಬಗ್ಗಿಸಿ ಹೂವಿನ ಹಾಗೆ ಅರಳಿಸಿದ್ದಾರೆ. ಇದರಲ್ಲಿ ಆರೇಳು ಕಡ್ಡಿ ಮುರಿದಿವೆ. ಮುರಿದವಳು ನಾನು.

ಕಳೆದ ವರ್ಷದ ಮಾತು. ಅನ್ವಿ ಈ ಜಪಾನಿ ಚಾ ಕಲಿಯಲು ಹೋಗಲು ಶುರು ಮಾಡಿ ಒಂದೆರಡು ತಿಂಗಳು ಆಗಿತ್ತು. ಇದನ್ನು ತೊಳೆದು ಸಿಂಕಿನ ಹತ್ತಿರ ಇಟ್ಟು ಶಾಲೆಗೆ ಹೋಗಿದ್ದಳು. ನಾನು ನೋಡಿದೆ. ಈ ಜಪಾನಿನವರು ಎಷ್ಟು ಬುದ್ಧಿವಂತರು, ಮಜ್ಜಿಗೆ ಕಡೆಯಲು ಎಷ್ಟು ಚಂದದ್ದು ಮಾಡಿದ್ದಾರೆ ಎಂದು ಮೊಸರಿಗೆ ಇಳಿಸಿದೆ. ಇಂಗು, ಹಸಿಮೆಣಸು, ಕರಿಬೇವು ಎಲ್ಲಾ ಹಾಕಿಯೇ ಕಡೆದೆ. ನಿಜ ಹೇಳಬೇಕಾದರೆ ಅಂಥ ನೊರೆ ನಮ್ಮ ಮರದ ಕಡೆಗೋಲಿನಲ್ಲಿ ಬಂದದ್ದಿಲ್ಲ. ಸಂಜೆ ಅನ್ವಿ ಬಂದು ಅದನ್ನು ಮೂಗಿಗೆ ಹಿಡಿದು ನೋಡಿ, ನೆಲದಲ್ಲಿ ಕೂತು, "ಅಜ್ಜಿ, ವೈ?" ಎಂದು ಮಾತ್ರ ಕೇಳಿದಳು. ಶುಕ್ರವಾರ ಅದನ್ನು ಟೀಚರಿಗೆ ತೋರಿಸಿದಳಂತೆ. ಅವರು ಬಾಯಿಗೆ ಕೈ ಅಡ್ಡ ಇಟ್ಟು ತುಂಬಾ ನಕ್ಕು, ಇದಕ್ಕೆ ಬೇರೆ ಕೆಲಸ ಸಿಕ್ಕಿತು, ಇನ್ನು ಇದು ಅಜ್ಜಿಯ ಹತ್ತಿರವೇ ಇರಲಿ ಎಂದು ಹೇಳಿ ಕಳಿಸಿದರು. ಅಂದಿನಿಂದ ನಮ್ಮ ಮನೆಯ ಮಜ್ಜಿಗೆ ಇದರಲ್ಲೇ.

ನಾವಿರುವುದು ಅರಬರ ದೇಶದಲ್ಲಿ, ಇನ್ವೆಸ್ಟ್‌ಮೆಂಟ್ಸ್ ಪಾರ್ಕು ಎಂಬಲ್ಲಿ. ಪಾರ್ಕು ಅಂದರೆ ಹೂವು, ಹುಲ್ಲು, ಕೂರಲು ಬೆಂಚು ಎಂದುಕೊಂಡು ವಿಮಾನ ಹತ್ತಿದವಳು ನಾನು. ಬಂದು ನೋಡಿದರೆ ಫ್ಯಾಕ್ಟರಿಗಳು, ಗೋಡೌನುಗಳು, ನಡುವೆ ನಮ್ಮಂಥವರ ಫ್ಲ್ಯಾಟುಗಳು. ಅಳಿಯ ಹರೀಶರು ಇಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಮಗಳು ಸುಜಾತ ಒಂದು ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಾಳೆ. ಇಬ್ಬರೂ ಬೆಳಿಗ್ಗೆ ಹೋದರೆ ಅನ್ವಿಯ ಹಿಂದೆ ಓಡುವುದು ನನ್ನ ಪಾಲಿಗೆ.

ಅನ್ವಿಗೆ ಹನ್ನೊಂದು ವರ್ಷ. ನಡೆಯುವ ಮೊದಲೇ ಓಡಿದ ಮಗು ಅದು. ಊಟ ಮಾಡುವಾಗ ನಾಲ್ಕು ತುತ್ತಿಗೊಮ್ಮೆ ಬಾಲ್ಕನಿಗೆ ಹೋಗಿ ಬರಬೇಕು. ಕರಾಟೆಗೆ ಸೇರಿಸಿದರು, ಸೊಂಟದ ಪಟ್ಟಿ ಬಿಗಿಯಲು ಕಲಿತು ಬಿಟ್ಟಳು. ಕೀಬೋರ್ಡಿಗೆ ಹಾಕಿದರು, ಬಲಗೈಯದ್ದು ಬಂತು, ಎಡಗೈ ಬರುವ ಮೊದಲೇ ಬಿಟ್ಟಳು. ಭರತನಾಟ್ಯದಲ್ಲಿ ಅರಮಂಡಿ ಕೂರಿಸಿದ ದಿನವೇ ಮನೆಗೆ ಬಂದಳು. ಈಜುವುದು ಮಾತ್ರ ಒಂದು ವರ್ಷ ನಡೆಯಿತು. ನೀರಿನೊಳಗೆ ಯಾರೂ ಕೂರಲು ಹೇಳುವುದಿಲ್ಲವಲ್ಲ.

ಒಂದು ದಿನ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಶಬ್ದ ಬಂತು. ಸುಜಾತ ಓದಿದಳು: ರೆಸ್ಟ್‌ಲೆಸ್. ನನಗೆ ಇಂಗ್ಲಿಷು ಬಾರದಿದ್ದರೂ ರೆಸ್ಟೂ ಗೊತ್ತು, ಲೆಸ್ಸೂ ಗೊತ್ತು. ಊರಿನಲ್ಲಿ ನಾನು ಬೀಡಿ ಕಟ್ಟುತ್ತಿದ್ದವಳು. ಕಂಪನಿಯ ಬ್ರಾಂಚಿಗೆ ಕೊಂಡುಹೋದ ಬೀಡಿ ಸರಿಯಿಲ್ಲದಿದ್ದರೆ ಅಲ್ಲಿ ಲೆಸ್ ಮಾಡುತ್ತಿದ್ದರು, ಅಂದರೆ ಕಡಿಮೆ ಮಾಡುವುದು. ಮಗುವಿಗೆ ರೆಸ್ಟು ಕಡಿಮೆಯಾಗಿದೆ ಎಂದು ಟೀಚರು ಬರೆದಿದ್ದಾರೆ, ಪಾಪ, ಎಷ್ಟು ಒಳ್ಳೆಯ ಟೀಚರು ಎಂದುಕೊಂಡೆ. ಒಂದು ವಾರ ಅವಳು ಶಾಲೆಯಿಂದ ಬಂದ ಕೂಡಲೇ ಪರದೆ ಎಳೆದು, ತಲೆಗೆ ಎಣ್ಣೆ ತಟ್ಟಿ, ಮಲಗಿಸಿದೆ. ಅವಳು ಮಲಗಿದಲ್ಲಿಂದಲೇ ಗೋಡೆಯ ಮೇಲೆ ಕಾಲಿಟ್ಟು ನಡೆಯುತ್ತಿದ್ದಳು. ಕಡೆಗೆ ಸುಜಾತ ನೋಡಿ, "ಅಮ್ಮಾ, ಅದರ ಅರ್ಥ ಅದಲ್ಲ. ಒಂದು ಕಡೆ ಕೂರದವಳು ಎಂದು. ನಿನ್ನ ಹಾಗೆ" ಎಂದಳು.

ನಿನ್ನ ಹಾಗೆ ಎಂದದ್ದು ನನಗೆ ನಾಟಿತು. ಆದರೆ ಸುಳ್ಳಲ್ಲ. ನಾನು ಟಿವಿ ನೋಡುವುದೂ ನಿಂತೇ. ಊಟಕ್ಕೆ ಎಲ್ಲರ ಜೊತೆ ಕೂತ ನೆನಪೇ ನನಗಿಲ್ಲ. ಬಡಿಸಿ, ಇನ್ನೊಂದು ಸೌಟು ಬೇಕಾ ಕೇಳಿ, ಉಪ್ಪು ತಂದು, ನೀರು ತಂದು, ಎಲ್ಲರೂ ಕೈ ತೊಳೆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ತಿಂದರೆ ನನಗೆ ಹೊಟ್ಟೆ ತುಂಬುವುದು. ಹಾಗಾದರೆ ಬೀಡಿ ಹೇಗೆ ಕಟ್ಟಿದೆ, ಅದು ಕೂತು ಮಾಡುವ ಕೆಲಸವಲ್ಲವಾ ಎಂದು ನೀವು ಕೇಳುತ್ತೀರಿ. ಕೂತೇ ಮಾಡುವುದು. ಮಡಿಲಲ್ಲಿ ಮೊರದ ಹಾಗಿನ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ, ಸುರುಟಿ, ಬಾಯಿ ಮಡಚಿ, ನೂಲು ಸುತ್ತಿ, ಬೆಳಿಗ್ಗೆಯಿಂದ ಸಂಜೆಯವರೆಗೆ. ಅಲ್ಲಿ ಕೈ ಆಡುತ್ತಾ ಇತ್ತು. ಕೈ ಆಡುತ್ತಿದ್ದರೆ ಕಾಲು ಸುಮ್ಮನಿರುತ್ತದೆ. ಕೈಯನ್ನು ಮಡಿಲಲ್ಲಿ ಸುಮ್ಮನೆ ಇಡಿ ನೋಡುವ, ಕಾಲು ಎದ್ದು ಹೊರಟೇ ಬಿಡುತ್ತದೆ.

ತಡೆಯಿರಿ, ಬಾಲ್ಕನಿಯಲ್ಲಿ ಬಟ್ಟೆ ಹಾಕಿದ್ದೆ. ಈ ಊರಿನ ಗಾಳಿಗೆ ಮರಳು ಬರುತ್ತದೆ.

ಹಾಂ, ಬಂದೆ. ಜಪಾನಿನ ಚಾ ನಮ್ಮ ಮನೆಗೆ ಬಂದದ್ದು ಶಾಲೆಯಿಂದ. ಎಲ್ಲಾ ದೇಶದವರೂ ಒಂದೊಂದು ಮೇಜು ಇಟ್ಟುಕೊಂಡು ತಮ್ಮ ತಮ್ಮದನ್ನು ತೋರಿಸುವ ದಿನ ಅದು. ನಮ್ಮವರ ಮೇಜಿನಲ್ಲಿ ಸಮೋಸಾ, ಅರಬರ ಮೇಜಿನಲ್ಲಿ ಖರ್ಜೂರ, ಜಪಾನಿನವರ ಮೇಜಿನಲ್ಲಿ ಒಬ್ಬರು ಹೆಂಗಸು ಮದರಂಗಿ ಹುಡಿಯಂಥ ಹಸಿರು ಹುಡಿಗೆ ಬಿಸಿನೀರು ಹಾಕಿ ಕಡೆಯುತ್ತಿದ್ದರು. ಅನ್ವಿ ಅಲ್ಲಿ ನಿಂತಳು. ಸುಜಾತ ಸಮೋಸಾ ತಿಂದು, ಇಬ್ಬರು ಪರಿಚಯದವರ ಹತ್ತಿರ ಮಾತಾಡಿ ಬಂದರೂ ಇವಳು ಅಲ್ಲೇ ನಿಂತಿದ್ದಳಂತೆ. ಮಗುವಿಗೆ ಹುಷಾರಿಲ್ಲವೋ ಎಂದು ಸುಜಾತ ಹಣೆ ಮುಟ್ಟಿ ನೋಡಿದಳು.

ಹಾಗೆ ಆ ಹೆಂಗಸಿನ ಹತ್ತಿರ ಶುಕ್ರವಾರದ ಕ್ಲಾಸು ಶುರುವಾಯಿತು. ಸೆನ್ಸೆ ಎಂದು ಕರೆಯಬೇಕು ಅವರನ್ನು, ಅವರಲ್ಲಿ ಟೀಚರಿಗೆ ಹಾಗೆ ಹೇಳುವುದಂತೆ. ಕ್ಲಾಸು ಇರುವುದು ಅಲ್ ಕೂಜ್ ಎಂಬಲ್ಲಿನ ಗೋಡೌನುಗಳ ಸಾಲಿನಲ್ಲಿ, ಒಂದು ಗ್ಯಾರೇಜಿನ ಪಕ್ಕದ ಕಟ್ಟಡದ ಮೇಲಿನ ಕೋಣೆಯಲ್ಲಿ. ಏನು ಕಲಿಸುತ್ತಾರೆ ಎಂದು ನಾನು ಕೇಳಿದಾಗ ಅನ್ವಿ, "ಚಾ ಮಾಡಲು" ಎಂದಳು. ಅದಕ್ಕೆ ಅಷ್ಟು ದೂರ ಹೋಗಬೇಕಾ, ನಾನು ಐದು ನಿಮಿಷದಲ್ಲಿ ಕಲಿಸುತ್ತೇನೆ ಎಂದೆ. ಎರಡು ಮೂರು ಜನಕ್ಕೆ ಕೊಟ್ಟು ಮುಗಿಸಲು ಮುಕ್ಕಾಲು ಗಂಟೆ ಬೇಕು ಎಂದಳು. ಅಷ್ಟು ಹೊತ್ತಿನಲ್ಲಿ ನಾನು ಮದುವೆ ಮನೆಗೆ ಚಾ ಕೊಟ್ಟು ಲೋಟ ತೊಳೆದು ಕವುಚಿ ಇಡುತ್ತೇನೆ.

ಇಷ್ಟು ಓಡುವವಳು ಅಲ್ಲಿ ಹೇಗೆ ಕೂರುತ್ತಾಳೆ ಎಂಬುದೇ ನಮಗೆಲ್ಲಾ ಆಶ್ಚರ್ಯ. ಒಂದು ದಿನ ಅವಳೇ ಹೇಳಿದಳು. "ಅಲ್ಲಿ ಸುಮ್ಮನೆ ಕೂರಲಿಕ್ಕೆ ಇಲ್ಲ ಅಜ್ಜಿ. ಎವೆರಿ ಸೆಕೆಂಡ್ ಕೈಗೆ ಕೆಲಸ ಉಂಟು." ಬಟ್ಟೆ ಮಡಚುವುದಕ್ಕೆ ಒಂದು ಕ್ರಮ, ಚಾ ಹುಡಿ ತುಂಬುವ ಪುಟ್ಟ ಕರಡಿಗೆ ಒರೆಸುವುದಕ್ಕೆ ಒಂದು ಕ್ರಮ, ಬಿದಿರಿನ ಸೌಟು ಹಿಡಿಯುವುದಕ್ಕೆ, ಇಡುವುದಕ್ಕೆ ಬೇರೆ ಬೇರೆ. ಒಂದು ಮುಗಿಯುವ ಮೊದಲು ಇನ್ನೊಂದು ಕಾಯುತ್ತಿರುತ್ತದಂತೆ. ಮನೆಯಲ್ಲಿ ಕರವಸ್ತ್ರದಲ್ಲಿ ಮಡಚಿ ತೋರಿಸಿದಳು. ಅವಳ ಹೆಬ್ಬೆರಳು ಮಡಿಕೆಯ ಒಳಗೆ ಹೋಗಿ ಅಂಚನ್ನು ಒತ್ತಿ ಹೊರಗೆ ಬಂದದ್ದು ನೋಡಿ ನನಗೆ ಮೈ ಜುಮ್ಮೆಂದಿತು. ಬೀಡಿಯ ಬಾಯಿ ಮಡಚುವ ಬೆರಳು ಅದು. ಯಾರೂ ಅವಳಿಗೆ ಕಲಿಸಿದ್ದಲ್ಲ.

ಆದರೆ ಅಳಿಯ ಹರೀಶರಿಗೆ ಕರಾಟೆ, ಕೀಬೋರ್ಡು ಎಲ್ಲಾ ನೋಡಿ ಸಾಕಾಗಿತ್ತು. ಹೆಚ್ಚು ಮಾತಿನವರಲ್ಲ ಅವರು. ಒಂದೇ ಸಲ ಹೇಳಿದರು. ಇದು ಕೊನೆಯದು, ಇದನ್ನೂ ಅರ್ಧದಲ್ಲಿ ಬಿಟ್ಟರೆ ಖಲಾಸ್, ಮತ್ತೆ ಟ್ಯೂಷನ್ ಒಂದೇ ಎಂದು. ಅದೇ ಹೊತ್ತಿಗೆ ಸೆನ್ಸೆಯೂ ಹೇಳಿ ಕಳಿಸಿದರು. ಇಂಥ ಶುಕ್ರವಾರ ಅನ್ವಿಯೇ ಮನೆಯಾಕೆಯಾಗಿ ಮನೆಯವರಿಗೆ ಚಾ ಮಾಡಿ ಕೊಡಬೇಕು. ನಡುವೆ ನಿಲ್ಲಿಸದೆ ಕೊನೆ ಮುಟ್ಟಿಸಿದರೆ ಅವಳಿಗೆ ಸ್ವಂತದ ರೇಷ್ಮೆ ವಸ್ತ್ರ ಕೊಟ್ಟು ತನ್ನ ಶಿಷ್ಯೆ ಎಂದು ತೆಗೆದುಕೊಳ್ಳುತ್ತಾರೆ. ನಿಲ್ಲಿಸಿದರೆ ಇನ್ನೊಂದು ವರ್ಷ ಕಾಯಬೇಕು. ಹರೀಶರು ಇನ್ನೊಂದು ವರ್ಷ ಕಾಯುವವರಲ್ಲ ಎಂದು ಅನ್ವಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಜಾತ ಮಾತ್ರ ನೋಡುವ, ನೋಡುವ ಎನ್ನುತ್ತಿದ್ದಳು.

ಮೂವರು ಅತಿಥಿಗಳು: ನಾನು, ಸುಜಾತ, ಹರೀಶರು. ಹಿರಿಯಳಾದ್ದರಿಂದ ನಾನೇ ಮೊದಲ ಅತಿಥಿ. ಮೊದಲ ಅತಿಥಿ ತಪ್ಪಿದರೆ ಹಿಂದಿನವರೆಲ್ಲ ತಪ್ಪುತ್ತಾರಂತೆ. ಇದನ್ನು ಕೇಳಿದಂದಿನಿಂದ ನನಗೆ ನಿದ್ದೆ ಸರಿಯಿರಲಿಲ್ಲ. ಚಾ ಮಾಡುವವರ ಕೈಗೆ ಕೆಲಸ ಉಂಟು, ಕುಡಿಯುವವರ ಕೈಗೆ ಎಂತ ಉಂಟು? ಮುಕ್ಕಾಲು ಗಂಟೆ ಮಡಿಲಲ್ಲಿ ಕೈ ಇಟ್ಟು ಕೂರಬೇಕು.

ಅನ್ವಿ ನನಗೆ ಒಂದು ವಾರ ಟ್ರೈನಿಂಗು ಕೊಟ್ಟಳು. ನಮ್ಮ ಮನೆಯ ಸ್ಟೀಲು ಬಟ್ಟಲಿನಲ್ಲಿ. ಬಟ್ಟಲನ್ನು ಮೊದಲು ನನ್ನ ಮತ್ತು ಪಕ್ಕದವರ ನಡುವೆ ಇಟ್ಟು, ಪಕ್ಕದವರಿಗೆ ಬಗ್ಗಿ "ಒಸಾಕಿನಿ" ಎನ್ನಬೇಕು. ನಿಮಗಿಂತ ಮೊದಲು ಕುಡಿಯುತ್ತೇನೆ, ಬೇಸರ ಮಾಡಬೇಡಿ ಎಂದು ಅರ್ಥ. ಆಮೇಲೆ ಬಟ್ಟಲನ್ನು ಅಂಗೈಯಲ್ಲಿಟ್ಟು ಸ್ವಲ್ಪ ಎತ್ತಿ ಕೈಮುಗಿದ ಹಾಗೆ ಮಾಡಬೇಕು. ಬಟ್ಟಲಿಗೂ ಒಂದು ಮುಖ ಉಂಟು, ಅದನ್ನು ಅವರು ನಮ್ಮ ಕಡೆಗೆ ತಿರುಗಿಸಿ ಇಟ್ಟಿರುತ್ತಾರೆ. ಆ ಮುಖದಲ್ಲೇ ಕುಡಿಯಬಾರದು ಎಂದು ಎರಡು ಸಲ ತಿರುಗಿಸಿ ಕುಡಿಯಬೇಕು. ಕೊನೆಯ ಗುಟುಕನ್ನು ಸುರ್ರೆಂದು ಎಳೆಯಬೇಕು. ಇದೊಂದು ನನಗೆ ಮೊದಲ ದಿನವೇ ಬಂತು.

ಒಸಾಕಿನಿ ಮಾತ್ರ ಬರಲಿಲ್ಲ. ಶಬ್ದ ಬಂತು, ಅರ್ಥ ಬಾಯಿಗೆ ಬರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಯಾರಿಗಿಂತಲೂ ಮೊದಲು ನಾನು ಏನೂ ಕುಡಿದವಳಲ್ಲ. ಸುಜಾತನಿಗೆ ಬಗ್ಗಿ ಒಸಾಕಿನಿ ಎಂದಾಗಲೆಲ್ಲ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಅನ್ವಿ ಸೊಂಟಕ್ಕೆ ಕೈ ಇಟ್ಟು, "ಸೀರಿಯಸ್ ಆಗಿ ಮಾಡಿ" ಎಂದು ಗದರಿಸುತ್ತಿದ್ದಳು.

ಇಲ್ಲಿ ಇನ್ನೊಂದು ಹಳೆಯ ಕತೆ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ನಿಮಗೆ ತಿಳಿಯುವುದಿಲ್ಲ. ನಮ್ಮ ಕೆಳಗಿನ ಮಹಡಿಯಲ್ಲಿ ಧಾರವಾಡದ ಮಹಾದೇವಿ ಇದ್ದಾಳೆ. ಆಗಾಗ ಕರೆದು ಚಹಾ ಕೊಡುತ್ತಾಳೆ, ಅವಳದು ಚಹಾ, ನಮ್ಮದು ಚಾ. ಕಪ್ಪಿನಲ್ಲಿ ಕೊಟ್ಟರೆ ನಾನು ಲೋಟ ಕೇಳುತ್ತೇನೆ, ಲೋಟದಿಂದ ಎತ್ತಿ ಕುಡಿಯುತ್ತೇನೆ. "ಯಾಕ್ರೀ ಅಮ್ಮಾರ, ನಮ್ಮ ಕಪ್ಪಿಗೇನು ಮುಳ್ಳದಾವೇನ್ರಿ?" ಎಂದು ಅವಳು ಪ್ರತಿ ಸಲ ಕೇಳುತ್ತಾಳೆ. ನಾನು ಅಭ್ಯಾಸ ಎಂದು ನಗುತ್ತೇನೆ. ಅನ್ವಿ ಒಂದು ದಿನ ಹಿಡಿದಳು. ನಮ್ಮ ಮನೆಯಲ್ಲಿ ತುಟಿ ತಾಗಿಸಿ ಕಚ್ಚಿ ಕುಡಿಯುತ್ತೀರಿ, ಆಂಟಿ ಮನೆಯಲ್ಲಿ ಯಾಕೆ ಮೇಲಿಂದ ಹೊಯ್ದುಕೊಳ್ಳುವುದು ಎಂದು.

ಆಗ ಅವಳಿಗೆ ಹೇಳಿದೆ. ನಾನು ಅವಳಿಗಿಂತ ಚಿಕ್ಕವಳಿದ್ದಾಗ ಅಮ್ಮನ ಜೊತೆ ಒಂದು ದೊಡ್ಡ ಮನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಅಂಗಳದಲ್ಲಿ ನಮಗೆ ಬೆಲ್ಲದ ಚಾ, ಮೇಲಿಂದ ತೆಂಗಿನ ಗೆರಟೆಗೆ ಹೊಯ್ಯುತ್ತಿದ್ದರು. ಒಂದು ದಿನ ಬಾಯಾರಿಕೆ ತಡೆಯಲಾರದೆ ಜಗಲಿಯಲ್ಲಿದ್ದ ಹಿತ್ತಾಳೆಯ ಚೊಂಬಿಗೆ ಬಾಯಿ ಇಟ್ಟು ನೀರು ಕುಡಿದೆ. ಮನೆಯ ಅಮ್ಮ ನೋಡಿದರು. ಬೈಯಲಿಲ್ಲ. ಒಂದು ಕೋಲು ತಂದು ಆ ಚೊಂಬನ್ನು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ತೆಂಗಿನ ಬುಡಕ್ಕೆ ದೂಡಿದರು. ಮರುದಿನ ಹೋದಾಗಲೂ ಅದು ಅಲ್ಲೇ ಇತ್ತು. ತಿಂಗಳು ಕಳೆದು ಹೋದಾಗಲೂ ಇತ್ತು, ಒಳಗೆ ಮಳೆನೀರು ತುಂಬಿ. ಬೈದಿದ್ದರೆ ಮರೆತುಬಿಡುತ್ತಿದ್ದೆ. ನನ್ನ ಅಮ್ಮ ದಾರಿಯಲ್ಲಿ ಹೇಳಿದ್ದು ಒಂದೇ ಮಾತು, ಇನ್ನು ಯಾರ ಮನೆಯ ಪಾತ್ರೆಗೂ ಬಾಯಿ ತಾಗಿಸಬೇಡ ಎಂದು. ಈಗ ಆ ಮನೆಯೂ ಇಲ್ಲ, ಆ ಕಾಲವೂ ಇಲ್ಲ. ಕೈ ಮಾತ್ರ ಕೇಳುವುದಿಲ್ಲ.

ನಾನು ಇದನ್ನು ಹೇಳುವಾಗ ಅನ್ವಿ ಸೋಫಾದ ಬೆನ್ನಿಗೆ ಕಾಲು ಹಾಕಿ ತಲೆ ಕೆಳಗೆ ಮಾಡಿ ಜೋಲಾಡುತ್ತಿದ್ದಳು. ನಡುವೆ ಎದ್ದು ಹೋಗಿ ಬಿಸ್ಕತ್ತು ತಂದಳು. ಕೇಳಿದಳೋ ಇಲ್ಲವೋ ಎಂದು ನಾನೂ ಬಿಟ್ಟುಬಿಟ್ಟೆ.

ಶುಕ್ರವಾರ ಬಂತು. ಕೆನೆ ಬಣ್ಣದ ಸೀರೆ ಉಟ್ಟೆ. ಬಳೆ ಸದ್ದು ಮಾಡುತ್ತದೆ, ಉಂಗುರ ಬಟ್ಟಲಿಗೆ ತಾಗುತ್ತದೆ ಎಂದು ಅನ್ವಿ ಎಲ್ಲಾ ತೆಗೆಸಿದಳು. ಹರೀಶರು ವಾಚು ಬಿಚ್ಚಿ ಕಿಸೆಗೆ ಹಾಕಿಕೊಂಡರು. ಸೆನ್ಸೆ ಬಾಗಿಲಲ್ಲಿ ನಿಂತು "ಅಜ್ಜಿಸಾನ್" ಎಂದು, ಅಂದರೆ ಅಜ್ಜಿಯವರೇ ಎಂದು, ಬಗ್ಗಿದರು. ತೆಳ್ಳಗಿನ ಹೆಂಗಸು, ಬೂದಿ ಬಣ್ಣದ ಅವರ ಉಡುಪಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ನಾನು ಬಗ್ಗಿದೆ, ಅವರು ಇನ್ನೂ ಬಗ್ಗಿದರು, ನಾನು ಇನ್ನೂ ಬಗ್ಗಿದೆ. ಸುಜಾತ ನನ್ನ ಸೆರಗು ಎಳೆಯದಿದ್ದರೆ ಅದು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಮೊಣಕಾಲು ಮಡಚಿ ಕೂರುವುದು ಕಷ್ಟವಾದರೆ ಕಾಲು ಹೇಗೆ ಬೇಕಾದರೂ ಇಡಬಹುದು ಎಂದು ಸೆನ್ಸೆ ಹೇಳಿದ್ದನ್ನು ಸುಜಾತ ನನಗೆ ಕನ್ನಡದಲ್ಲಿ ಹೇಳಿದಳು. ಬೀಡಿಗೆ ಕೂರುವ ಹಾಗೆ ಕೂತೆ.

ಹುಲ್ಲಿನ ಚಾಪೆ ಹಾಸಿದ ಕೋಣೆ. ಗೋಡೆಯಲ್ಲಿ ಉದ್ದದ ಒಂದು ಬರಹ, ಅದರ ಕೆಳಗೆ ಒಂದೇ ಹೂವು. ಕೆಂಡ ಹಾಕಲು ಬಿಲ್ಡಿಂಗಿನವರು ಬಿಡುವುದಿಲ್ಲವಂತೆ, ಒಲೆಯೊಳಗೆ ಕರೆಂಟಿನದ್ದು. ಕೆಟಲಿನಲ್ಲಿ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಶುಕ್ರವಾರದ ರಜೆಯಾದರೂ ಕೆಳಗಿನ ಗ್ಯಾರೇಜಿನಲ್ಲಿ ಯಾರೋ ಕಾರಿನ ತಗಡು ತಟ್ಟುತ್ತಿದ್ದರು. ಆ ಸದ್ದಿಗೆ ಸರಿಯಾಗಿ ನನ್ನ ಕಾಲಿನ ಹೆಬ್ಬೆರಳು ಆಡತೊಡಗಿತು.

ಅನ್ವಿ ಬಾಗಿಲು ಸರಿಸಿ ಒಳಗೆ ಬಂದಳು. ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಖರ್ಜೂರ ಹಾಕಿ ಮಾಡಿದ ಒಂದೊಂದು ಸಿಹಿ ತಿಂದೆವು. ಅವಳು ಬಟ್ಟೆ ಮಡಚಿದಳು, ಒರೆಸಿದಳು, ನೀರು ತೆಗೆದಳು, ಕಡೆದಳು. ನಾನು ಮಡಿಲಿನಲ್ಲಿ ಕೈ ಇಟ್ಟು ಸುಮ್ಮನೆ ಕೂತಿದ್ದೆ. ಸುಮ್ಮನೆ ಅಂದರೆ, ಸೆರಗಿನ ಅಡಿಯಲ್ಲಿ ಇಲ್ಲದ ಬೀಡಿ ಒಂದಿಪ್ಪತ್ತು ಕಟ್ಟಿರಬಹುದು.

ಬಟ್ಟಲು ನನ್ನ ಎದುರಿಗೆ ಬಂತು. ಸ್ಟೀಲಿನದಲ್ಲ, ಕಪ್ಪು ಮಣ್ಣಿನದು, ಅಂಗೈಯಲ್ಲಿ ಕೋಳಿಮರಿಯ ಹಾಗೆ ಬೆಚ್ಚಗೆ. ಅದು ಸೆನ್ಸೆಯ ಅಜ್ಜಿಯದು, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು, ಈ ದಿನಕ್ಕೆಂದೇ ತೆಗೆದದ್ದು ಎಂದು ಸ್ವಲ್ಪ ಮೊದಲು ಸುಜಾತ ಹೇಳಿದ್ದಳು. ನಾನು ಎಲ್ಲಾ ಸರಿಯಾಗಿ ಮಾಡಿದೆ. ನಡುವೆ ಇಟ್ಟೆ, ಒಸಾಕಿನಿ ಎಂದೆ, ಸುಜಾತ ನಗಲಿಲ್ಲ. ಎತ್ತಿ ಮುಗಿದೆ. ಎರಡು ಸಲ ತಿರುಗಿಸಿದೆ. ಇನ್ನು ಕುಡಿಯುವುದು ಒಂದೇ ಬಾಕಿ.

ಕೈ ತನ್ನಷ್ಟಕ್ಕೇ ಮೇಲೆ ಹೋಯಿತು. ತಲೆ ಹಿಂದಕ್ಕೆ ಬಾಗಿತು. ಅಗಲ ಬಾಯಿಯ ಬಟ್ಟಲಿನಿಂದ ಎತ್ತಿ ಕುಡಿಯಲು ನೋಡಿದವರು ಅಲ್ಲಿ ನನಗಿಂತ ಮೊದಲು ಯಾರೂ ಇದ್ದಿರಲಿಕ್ಕಿಲ್ಲ. ಸ್ವಲ್ಪ ಬಾಯಿಗೆ ಬಂತು. ಉಳಿದದ್ದು ಗದ್ದ, ಕುತ್ತಿಗೆ, ಕೆನೆ ಬಣ್ಣದ ಸೀರೆ, ಚಾಪೆ. ಕೆಮ್ಮು ಬಂತು. ಬಟ್ಟಲು ಮಾತ್ರ ಬಿಡಲಿಲ್ಲ, ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡಿದ್ದೆ.

ಕೆಳಗೆ ತಗಡು ತಟ್ಟುವುದು ಆಗಲೇ ನಿಲ್ಲಬೇಕಾ? ಸೆನ್ಸೆ ಏಳಲು ಹೊರಟವರು ಅರ್ಧಕ್ಕೆ ನಿಂತರು. ನಾನು ಅನ್ವಿಯನ್ನು ನೋಡಿದೆ. ಅವಳ ಮೊಣಕಾಲು ಒಮ್ಮೆ ಅಲುಗಿತು. ಅದು ನನಗೆ ಗೊತ್ತಿರುವ ಮೊಣಕಾಲು, ಓಡುವ ಮೊದಲು ಹಾಗೆ ಅಲುಗುತ್ತದೆ. ಆಯಿತು, ಇನ್ನು ಎದ್ದು ಹೋಗುತ್ತಾಳೆ, ಖಲಾಸ್, ಅಜ್ಜಿಯೇ ಕೆಡಿಸಿದ್ದು ಎಂದುಕೊಂಡೆ.

ಅವಳು ಏಳಲಿಲ್ಲ. ಉಡುಪಿನ ಎದೆಯ ಮಡಿಕೆಯಲ್ಲಿ ಒರೆಸಲೆಂದು ಇಟ್ಟುಕೊಂಡಿದ್ದ ಬಿಳಿ ಕಾಗದ ತೆಗೆದು, ಕೂತಲ್ಲಿಂದಲೇ ಮೊಣಕಾಲಿನ ಮೇಲೆ ಜಾರುತ್ತಾ ನನ್ನ ಹತ್ತಿರ ಬಂದಳು. ಚಾಪೆ ಒರೆಸಿದಳು. ಇನ್ನೊಂದು ಕಾಗದದಿಂದ ನನ್ನ ಗದ್ದ ಒರೆಸಿದಳು. ನನ್ನ ಕೈಯಿಂದ ಬಟ್ಟಲು ಬಿಡಿಸಿ ತೆಗೆದುಕೊಂಡು ಹಾಗೇ ಜಾರುತ್ತಾ ಹಿಂದೆ ಹೋದಳು. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಹುಡಿ ಹಾಕಿ, ಇನ್ನೊಂದು ಸಲ ಕಡೆದಳು. ಅವಸರ ಮಾಡಲಿಲ್ಲ. ನನಗೆ ಅದು ಒಂದು ಮಳೆಗಾಲದಷ್ಟು ಉದ್ದ ಆಯಿತು.

ಬಟ್ಟಲನ್ನು ಮತ್ತೆ ತಂದು, ಅದರ ಮುಖ ನನ್ನ ಕಡೆಗೆ ತಿರುಗಿಸಿ ಇಟ್ಟಳು. ಇಟ್ಟ ಮೇಲೆ ಮಾತಾಡಬಾರದು. ಅವಳು ಮಾತಾಡಿದಳು, ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲೂ ಅಲ್ಲ, ಮನೆಯಲ್ಲಿ ನಾನು ಮಾತ್ರ ಆಡುವ ತುಳುವಿನಲ್ಲಿ, ನನಗೆ ಕೇಳುವಷ್ಟೇ ಮೆಲ್ಲಗೆ.

"ಅಜ್ಜಿ, ಇದನ್ನು ಯಾರೂ ತೆಂಗಿನ ಬುಡಕ್ಕೆ ದೂಡುವುದಿಲ್ಲ. ಕಚ್ಚಿ ಕುಡಿಯಿರಿ."

ಕುಡಿದೆ. ಕಹಿ. ಎಳೆಯ ಸೊಪ್ಪನ್ನು ಅರೆದು ಹಿಂಡಿದ ಹಾಗೆ, ಆದರೆ ನೊರೆ ಮಾತ್ರ ಹಾಲಿನಷ್ಟು ಮೆದು. ಬಟ್ಟಲಿನ ಅಂಚು ತುಟಿಗೆ ತಾಗಿದಾಗ ಸ್ವಲ್ಪ ಒರಟು, ಬೆಚ್ಚಗೆ. ಕೊನೆಯ ಗುಟುಕನ್ನು ಸುರ್ರೆಂದು ಎಳೆದೆ, ಕಲಿಸಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ತುಟಿ ತಾಗಿದ ಜಾಗವನ್ನು ಬೆರಳಿನಿಂದ ಒರೆಸಿ ಬಟ್ಟಲು ತಿರುಗಿಸಿ ಇಟ್ಟೆ. ಅನ್ವಿ ಅದನ್ನು ಹಿಂದೆ ತೆಗೆದುಕೊಂಡು ಹೋಗಿ ತೊಳೆದು, ಅದರಲ್ಲೇ ಸುಜಾತನಿಗೆ ಮಾಡಿ ಕೊಟ್ಟಳು. ಆಮೇಲೆ ಅದರಲ್ಲೇ ಹರೀಶರಿಗೆ. ಅದು ಹೋಗಿ ಬಂದು ಹೋಗಿ ಬಂದು ಮಾಡುವುದನ್ನು ನಾನು ನೋಡುತ್ತಾ ಕೂತೆ. ಹೆಬ್ಬೆರಳು ಆಡುವುದು ಯಾವಾಗ ನಿಂತಿತೋ ಗೊತ್ತಿಲ್ಲ.

ಎಲ್ಲಾ ಮುಗಿದು ಅವಳು ಬಾಗಿಲು ಎಳೆದುಕೊಂಡ ಮೇಲೆ ಹರೀಶರು ಏಳಲು ಹೋಗಿ, ಕಾಲು ಜೋಮು ಹಿಡಿದು, ಹೂವಿನ ಕಡೆಗೆ ವಾಲಿದರು. ಸೆನ್ಸೆ ಒಂದು ಕೈಯಲ್ಲಿ ಹೂದಾನಿ ಹಿಡಿದರು, ಸುಜಾತ ಗಂಡನನ್ನು ಹಿಡಿದಳು. ಆಮೇಲೆ ಸೆನ್ಸೆ ಅನ್ವಿಯನ್ನು ಕರೆದು ಮೂರು ತಪ್ಪು ಹೇಳಿದರು, ಒಂದೊಂದಕ್ಕೂ ಬೆರಳು ಮಡಚಿ. ಸೌಟು ಇಟ್ಟದ್ದು ಓರೆ. ಕರಡಿಗೆ ಒರೆಸುವಾಗ ಒಂದು ಮಡಿಕೆ ಬಿಟ್ಟದ್ದು. ಮಾತಾಡಬಾರದಲ್ಲಿ ಮಾತಾಡಿದ್ದು. ಮೂರನೆಯದರ ಬೆರಳನ್ನು ಅವರು ಮತ್ತೆ ಬಿಡಿಸಿದರು. ಆ ಮಾತು ಎಂತದ್ದು ಎಂದು ಕೇಳಿದರು. ಅನ್ವಿ ಇಂಗ್ಲಿಷಿನಲ್ಲಿ ಹೇಳಿದಳು, ಚೊಂಬು, ಕೋಲು, ತೆಂಗಿನ ಬುಡ, ಎಲ್ಲಾ. ತಲೆ ಕೆಳಗೆ ಮಾಡಿ ಜೋಲಾಡಿದವಳು ಒಂದನ್ನೂ ಬಿಟ್ಟಿರಲಿಲ್ಲ.

ಸೆನ್ಸೆ ನನ್ನ ಕಡೆ ತಿರುಗಿದರು. ಆಮೇಲೆ ಏನೋ ಹೇಳಿದರು, ಸುಜಾತ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು. ಬಟ್ಟಲು ಒರೆಸಲು ತಾನು ಎಷ್ಟು ಮಂದಿಗಾದರೂ ಕಲಿಸಬಲ್ಲೆ, ಎದುರು ಕೂತವರ ಕೈ ಯಾಕೆ ಮೇಲೆ ಹೋಯಿತು ಎಂದು ನೋಡಲು ಕಲಿಸುವುದು ಕಷ್ಟ ಎಂದರಂತೆ. ಮತ್ತೆ ಒಳಗೆ ಹೋಗಿ ಕೆಂಪು ರೇಷ್ಮೆ ತಂದು ಎರಡೂ ಕೈಯಲ್ಲಿ ಅನ್ವಿಗೆ ಕೊಟ್ಟರು. ಅನ್ವಿ ಬಗ್ಗಿ ತೆಗೆದುಕೊಂಡಳು, ಮೆಟ್ಟಿಲವರೆಗೆ ಮೆಲ್ಲಗೆ ನಡೆದಳು, ಮೆಟ್ಟಿಲಿನಿಂದ ಎರಡೆರಡು ಹಾರಿ ಕೆಳಗೆ ಓಡಿದಳು.

ಹಿಂದೆ ಬರುವಾಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಹರೀಶರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಮಾಮಿ, ಬರುವ ಶುಕ್ರವಾರದಿಂದ ಅವಳನ್ನು ನಾನೇ ಬಿಡುತ್ತೇನೆ" ಎಂದರು. ಸುಜಾತ ಕಿಟಕಿಯ ಕಡೆ ತಿರುಗಿದಳು. ನಾನು ಸೀರೆಯ ಹಸಿರು ಕಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅದು ಇನ್ನೂ ಹೋಗಿಲ್ಲ. ಸುಜಾತ ನಿಂಬೆಹುಳಿ ಹಾಕು ಎನ್ನುತ್ತಾಳೆ. ಹಾಕುವುದಿಲ್ಲ.

ಸಂಜೆ ಕೋಳಿ ಸಾರು ಮಾಡಿದೆ. ಜೊತೆಗೆ ನೀರುದೋಸೆ ಎಂದು ಅಕ್ಕಿ ನೆನೆಹಾಕಲು ಹೋದರೆ ಅನ್ವಿ ಬೇಡ ಎಂದಳು. ನೀರುದೋಸೆ ಆದರೆ ಯಾರಾದರೂ ಕಾವಲಿಯ ಎದುರು ನಿಂತಿರಬೇಕು, ಆ ಯಾರಾದರೂ ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತು. ಪುಂಡಿ ಮಾಡಿ ಎಂದಳು. ಪುಂಡಿ ಆದರೆ ಅಕ್ಕಿತರಿ ಬೇಯಿಸಿ ಉಂಡೆ ಕಟ್ಟಿ ಒಟ್ಟಿಗೇ ಹಬೆಗೆ ಇಟ್ಟರೆ ಆಯಿತು, ಎಲ್ಲರದೂ ಒಂದೇ ಸಲ ಇಳಿಯುತ್ತದೆ. ಉಂಡೆ ಕಟ್ಟಲು ಅವಳೂ ಕೂತಳು.

ನೆಲದಲ್ಲಿ ಚಾಪೆ ಹಾಸಿ ನಾಲ್ಕು ಬಟ್ಟಲು ಇಟ್ಟಳು. ಸಾರಿನ ಪಾತ್ರೆ, ಪುಂಡಿ, ಉಪ್ಪು, ನೀರು, ಬಿದಿರಿನ ಕಡೆಗೋಲಿನಲ್ಲಿ ಕಡೆದ ಮಜ್ಜಿಗೆ, ಎಲ್ಲವನ್ನೂ ನಡುವೆ ತಂದಿಟ್ಟಳು, ಏಳಲು ನನಗೆ ಒಂದು ನೆವ ಸಹ ಉಳಿಯದ ಹಾಗೆ. ನನ್ನನ್ನು ಕೈ ಹಿಡಿದು ಕೂರಿಸಿದಳು. ಎಲ್ಲರೂ ಕೂತರು, ಯಾರೂ ಬಟ್ಟಲಿಗೆ ಕೈ ಹಾಕಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ಸುಜಾತನ ಕಡೆ ತಿರುಗಿ ಬಗ್ಗಿದೆ.

"ಒಸಾಕಿನಿ."

ಪುಂಡಿ ಮುರಿದು ಸಾರಿನಲ್ಲಿ ಅದ್ದಿ ಮೊದಲ ತುತ್ತು ತಿಂದೆ. ಬಾಯಿ ಸುಡುವಷ್ಟು ಬಿಸಿ. ನನ್ನ ಸಾರು ಬಿಸಿಯಿರುವಾಗ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ತಿಂದರು, ಮಾತಾಡಿದರು, ಹರೀಶರು ಹೂವಿನ ಕಡೆಗೆ ವಾಲಿದ್ದನ್ನು ಅನ್ವಿ ಎರಡು ಸಲ ಮಾಡಿ ತೋರಿಸಿದಳು. ಉಪ್ಪಿನಕಾಯಿ ಇಲ್ಲವಲ್ಲ ಎಂದು ನನ್ನ ಕಾಲು ಒಮ್ಮೆ ಹೊರಟಿತು, ಅನ್ವಿ ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟಳು, ಕಾಲು ಹಿಂದೆ ಬಂತು. ಕೊನೆಗೆ ಮಜ್ಜಿಗೆಯ ಲೋಟ ಖಾಲಿ ಮಾಡಿ ಕೆಳಗಿಟ್ಟಾಗ ಹರೀಶರು ವಾಚು ನೋಡಿದರು.

"ಮಾಮಿ," ಎಂದರು, "ಇಪ್ಪತ್ತೆರಡು ನಿಮಿಷ."